ಸ್ತನ ಕ್ಯಾನ್ಸರ್ ವರದಿಯಲ್ಲಿ ‘ಸಿಗ್ನೆಟ್ ರಿಂಗ್ ಕೋಶಗಳು’ ಎಂದಿದ್ದರೆ ಹೆದರಬೇಕೇ?

ನಿಮ್ಮ ಚಿಕ್ಕಮ್ಮನವರ ಸ್ತನದ ಬಯಾಪ್ಸಿ ವರದಿಯಲ್ಲಿ ‘ಸಿಗ್ನೆಟ್ ರಿಂಗ್ ಕೋಶಗಳು’ ಎಂದಿರುವುದನ್ನೂ, ಅಂತರ್ಜಾಲದಲ್ಲಿ ಹುಡುಕಿದಾಗಲೆಲ್ಲ ಜಠರದ ಕ್ಯಾನ್ಸರ್ ಎಂದೇ ಕಂಡು ನೀವು ಗಾಬರಿಗೊಂಡಿರುವುದನ್ನೂ ಓದಿದೆ. ಸೂಕ್ಷ್ಮದರ್ಶಕದಲ್ಲಿ ಇಂತಹ ಅಂಗಾಂಶದ ಸ್ಲೈಡ್‌ಗಳನ್ನು ನೋಡುವುದು ನನ್ನ ವೃತ್ತಿ. ಆದರೆ ಅವರ ಸ್ಲೈಡನ್ನು ನಾನು ನೋಡಿಲ್ಲವಾದ್ದರಿಂದ, ಇಲ್ಲಿ ಬರೆಯುತ್ತಿರುವುದು ಆ ಕೋಶಗಳ ಕುರಿತೇ ಹೊರತು ಅವರ ಚಿಕಿತ್ಸೆಯ ಕುರಿತಲ್ಲ.

ಕೋಶದೊಳಗೆ ಲೋಳೆ ತುಂಬಿಕೊಂಡು ಕೋಶಕೇಂದ್ರವನ್ನು ಅಂಚಿಗೆ ಒತ್ತಿದಾಗ ಅದು ಮುದ್ರೆಯುಂಗುರದ ಹಾಗೆ ಕಾಣುತ್ತದೆ. ಸ್ತನದಲ್ಲಿ ಈ ರೂಪ ಹೆಚ್ಚಾಗಿ ಕಾಣಿಸುವುದು ಲೋಬ್ಯುಲರ್ ಕಾರ್ಸಿನೋಮಾದಲ್ಲಿ, ಅಂದರೆ ಹಾಲು ಉತ್ಪಾದಿಸುವ ಲೋಬ್ಯುಲ್ ಎಂಬ ಕಿರುಗ್ರಂಥಿಗಳ ಹೆಸರು ಹೊತ್ತ ಕ್ಯಾನ್ಸರ್‌ನಲ್ಲಿ. ಒಟ್ಟು ಸ್ತನ ಕ್ಯಾನ್ಸರ್‌ಗಳಲ್ಲಿ ಶೇ. 10ರಿಂದ 15ರಷ್ಟಿರುವ ಈ ಬಗೆಯಲ್ಲಿ, ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿಯುವ ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನ್ ಸಾಮಾನ್ಯವಾಗಿ ನಷ್ಟವಾಗಿರುತ್ತದೆ. ಹಾಗಾಗಿ ಅವು ಒಟ್ಟುಗೂಡದೆ ಬಿಡಿಬಿಡಿಯಾಗಿ, ಸಾಲುಗಟ್ಟಿ ಹರಡುತ್ತವೆ. ಸ್ತನದ ಮಟ್ಟಿಗೆ ಸಿಗ್ನೆಟ್ ರಿಂಗ್ ಎಂಬುದು ಕೋಶದ ಒಂದು ರೂಪವೇ ಹೊರತು ಪ್ರತ್ಯೇಕ ರೋಗದ ಹೆಸರಲ್ಲ.

ಹಾಗಿದ್ದೂ ನಾವು ಅದನ್ನು ವರದಿಯಲ್ಲಿ ಬರೆಯುವುದಕ್ಕೆ ಗಟ್ಟಿಯಾದ ಕಾರಣವಿದೆ. ಅಪರೂಪಕ್ಕೆ ಜಠರದ ಕ್ಯಾನ್ಸರ್ ಸ್ತನಕ್ಕೆ ಹರಡಿ ಇದೇ ರೂಪದಲ್ಲಿ ಕಾಣಿಸಬಹುದು. ಲೋಬ್ಯುಲರ್ ಕ್ಯಾನ್ಸರ್ ಜಠರಕ್ಕೆ ಹರಡಿ, ಅಲ್ಲಿಯೇ ಹುಟ್ಟಿದ್ದೆಂಬ ಭ್ರಮೆಯನ್ನೂ ಉಂಟುಮಾಡಬಲ್ಲದು. ಎರಡರ ಚಿಕಿತ್ಸೆ ಬೇರೆಯಾದ್ದರಿಂದ ಮೂಲವನ್ನು ನಿಶ್ಚಯಿಸಲೇಬೇಕು. ಪಕ್ಕದಲ್ಲೇ ಲೋಬ್ಯುಲ್‌ನೊಳಗೆ ಸೀಮಿತವಾಗಿರುವ ಆರಂಭಿಕ ಹಂತದ ಬದಲಾವಣೆ ಕಂಡರೆ ಅದು ಸ್ತನದಲ್ಲೇ ಹುಟ್ಟಿದ್ದು ಎಂಬುದಕ್ಕೆ ಬಲವಾದ ಸಾಕ್ಷ್ಯ. ಕೋಶಗಳಲ್ಲಿನ ನಿರ್ದಿಷ್ಟ ಪ್ರೋಟೀನ್‌ಗಳನ್ನು ಬಣ್ಣದಿಂದ ಗುರುತಿಸುವ ಇಮ್ಯುನೊಹಿಸ್ಟೋಕೆಮಿಸ್ಟ್ರಿ ಪರೀಕ್ಷೆಯಲ್ಲಿ ಈಸ್ಟ್ರೋಜನ್ ರಿಸೆಪ್ಟರ್ ಮತ್ತು ಜಿಎಟಿಎ3 ಪಾಸಿಟಿವ್ ಆಗಿದ್ದರೆ ಒಲವು ಸ್ತನದ ಕಡೆಗೆ. ಸಿಕೆ20, ಸಿಡಿಎಕ್ಸ್2 ಪಾಸಿಟಿವ್ ಆಗಿ ಮೊದಲಿನವು ನೆಗೆಟಿವ್ ಆದರೆ ಜಠರ, ಕರುಳಿನ ಕಡೆಗೆ. ಯಾವುದೇ ಒಂದು ಬಣ್ಣವನ್ನು ಮಾತ್ರ ನೆಚ್ಚಿಕೊಂಡು ತೀರ್ಮಾನಿಸುವುದು ನನಗೆ ಸರಿಕಾಣುವುದಿಲ್ಲ.

ಕೋಶದ ರೂಪ ವಿಚಿತ್ರವಾಗಿದ್ದ ಮಾತ್ರಕ್ಕೆ ರೋಗ ಉಗ್ರವೆಂದು ಭಾವಿಸಬೇಡಿ. ಕೆಲವು ಗಡ್ಡೆಗಳಲ್ಲಿ ಮೂಳೆ ಕರಗಿಸುವ ಕೋಶಗಳನ್ನು ಹೋಲುವ ದೈತ್ಯಕೋಶಗಳು ಕಾಣುತ್ತವೆ. ನೋಡಲು ಭಯ ಹುಟ್ಟಿಸುವ ಇವು ಕ್ಯಾನ್ಸರ್ ಕೋಶಗಳೇ ಅಲ್ಲ, ದೇಹದ ರಕ್ಷಣಾ ಕೋಶಗಳಿಂದ ರೂಪುಗೊಂಡವು. ಸೆಕ್ರೆಟರಿ ಕಾರ್ಸಿನೋಮಾ ಎಂಬ ಅಪರೂಪದ ಸ್ತನ ಕ್ಯಾನ್ಸರ್ ಸಾಮಾನ್ಯವಾಗಿ ಟ್ರಿಪಲ್ ನೆಗೆಟಿವ್ (ಈಸ್ಟ್ರೋಜನ್, ಪ್ರೊಜೆಸ್ಟರಾನ್ ರಿಸೆಪ್ಟರ್‌ಗಳು ಮತ್ತು ಹರ್2 ಪ್ರೋಟೀನ್ ಮೂರೂ ನೆಗೆಟಿವ್) ಆಗಿದ್ದರೂ ನಿಧಾನವಾಗಿ ಬೆಳೆಯುತ್ತದೆ. ಅದರ ವಿಶಿಷ್ಟ ಗುರುತಾದ ಇಟಿವಿ6-ಎನ್‌ಟಿಆರ್‌ಕೆ3 ಜೀನ್ ಜೋಡಣೆಯಿದ್ದು ರೋಗ ಹರಡಿದ್ದಲ್ಲಿ ಲಾರೊಟ್ರೆಕ್ಟಿನಿಬ್‌ನಂತಹ ಔಷಧಿಯನ್ನು ಪರಿಗಣಿಸಬಹುದು. ಇದಕ್ಕೆ ವ್ಯತಿರಿಕ್ತವಾಗಿ, ಸ್ತನ ಕ್ಯಾನ್ಸರ್‌ಗಳಲ್ಲಿ ಶೇ. 1ರಷ್ಟೋ ಅದಕ್ಕಿಂತ ಕಡಿಮೆಯೋ ಇರುವ ಮೆಟಾಪ್ಲಾಸ್ಟಿಕ್ ಕಾರ್ಸಿನೋಮಾದ ಹೆಚ್ಚಿನ ಉಪಬಗೆಗಳು ಟ್ರಿಪಲ್ ನೆಗೆಟಿವ್ ಆಗಿದ್ದು, ಕೀಮೋಥೆರಪಿಗೆ ಅಷ್ಟಾಗಿ ಸ್ಪಂದಿಸುವುದಿಲ್ಲ. ಅವುಗಳಲ್ಲೂ ಸೌಮ್ಯವಾದ ಕೆಲವಿವೆ. ‘ಟ್ರಿಪಲ್ ನೆಗೆಟಿವ್’ ಎಂಬ ಒಂದೇ ಮಾತನ್ನು ಓದಿ ಭವಿಷ್ಯ ನುಡಿಯುವವರನ್ನು ನಂಬದಿರಲು ಇಷ್ಟೇ ಸಾಕು.

ನಿಮ್ಮ ಚಿಕ್ಕಮ್ಮನವರ ವರದಿಯಲ್ಲಿ ಮೊದಲು ನೋಡಬೇಕಾದದ್ದು ಕ್ಯಾನ್ಸರ್‌ನ ಬಗೆ, ಗ್ರೇಡ್ (ಕೋಶಗಳು ಸಹಜ ರೂಪದಿಂದ ಎಷ್ಟು ದೂರ ಸರಿದಿವೆ ಎಂಬ ಅಳತೆ), ಹಾರ್ಮೋನ್ ರಿಸೆಪ್ಟರ್‌ಗಳು ಮತ್ತು ಹರ್2. ಲೋಬ್ಯುಲರ್ ಎಂದಾಗಿದ್ದರೆ, ಮ್ಯಾಮೊಗ್ರಾಮ್‌ನಲ್ಲಿ ಅದರ ವ್ಯಾಪ್ತಿ ಪೂರ್ತಿ ಕಾಣದಿರುವ ಸಾಧ್ಯತೆಯಿರುವುದರಿಂದ ಎಂಆರ್‌ಐ ಬೇಕೇ ಎಂದು ಶಸ್ತ್ರವೈದ್ಯರನ್ನು ಕೇಳಿ. ಹೊಟ್ಟೆಯ ತೊಂದರೆಗಳಿದ್ದರೆ ಅಥವಾ ಬಣ್ಣಗಳ ಫಲಿತಾಂಶ ಅಸ್ಪಷ್ಟವಾಗಿದ್ದರೆ ಎಂಡೋಸ್ಕೋಪಿಯ ವಿಷಯವನ್ನೂ ಪ್ರಸ್ತಾಪಿಸಿ. ಕುಟುಂಬದಲ್ಲಿ ಯಾರಿಗಾದರೂ ಜಠರದ ಕ್ಯಾನ್ಸರ್ ಬಂದಿದ್ದರೆ ಅದನ್ನು ತಪ್ಪದೆ ತಿಳಿಸಿ. ಸಿಡಿಎಚ್1 ಜೀನ್‌ನ ಆನುವಂಶಿಕ ದೋಷವು ಜಠರದ ಕ್ಯಾನ್ಸರ್‌ಗೂ ಲೋಬ್ಯುಲರ್ ಸ್ತನ ಕ್ಯಾನ್ಸರ್‌ಗೂ ಕಾರಣವಾಗಬಲ್ಲದು. ಎರಡನೆಯ ಅಭಿಪ್ರಾಯ ಬೇಕೆನಿಸಿದರೆ ವರದಿಯ ಪ್ರತಿಯಷ್ಟೇ ಸಾಲದು, ಸ್ಲೈಡ್‌ಗಳನ್ನೂ ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿಟ್ಟ ಪ್ಯಾರಾಫಿನ್ ಬ್ಲಾಕ್‌ಗಳನ್ನೂ ಕೇಳಿ ಪಡೆದುಕೊಳ್ಳಿ.