ಅಜ್ಜನ ಡಬ್ಬಿಯಲ್ಲಿ ಸಿಕ್ಕ, ನಡುವೆ ನಾಲಿಗೆ ಇರುವ ಬಿದಿರಿನ ಕಡ್ಡಿ ಏನು?

ಮಗ್ಗದ ಲಾಳಿ ಅಲ್ಲ, ಬಾಚಣಿಗೆಯಂತೂ ಅಲ್ಲವೇ ಅಲ್ಲ. ಅದು ಬಲೆ ಹೆಣೆಯುವ ಸೂಜಿ.

ನೀವು ಕೇಳಿದ್ದು ಇಷ್ಟು: ಕುಮಟಾ ಹತ್ತಿರದ ಅಜ್ಜನ ಮನೆಯ ಅಟ್ಟ ಖಾಲಿ ಮಾಡುವಾಗ ತಗಡಿನ ಡಬ್ಬಿ ಸಿಕ್ಕಿತು. ಒಳಗೆ ಗೇಣುದ್ದದ ಚಪ್ಪಟೆ ಬಿದಿರಿನ ಕಡ್ಡಿ. ಒಂದು ತುದಿ ಚೂಪು, ಇನ್ನೊಂದು ತುದಿಯಲ್ಲಿ ಕಚ್ಚು, ನಡುವಿನ ಕಿಂಡಿಯಲ್ಲಿ ಒಂದು ಸಣ್ಣ ನಾಲಿಗೆ. ಜೊತೆಗೆ ಎರಡು ಬಿದಿರಿನ ಪಟ್ಟಿ, ಒಂದು ಇಂಚು ಅಗಲದ್ದು, ಇನ್ನೊಂದು ಅದಕ್ಕಿಂತ ಅಗಲ. ಮತ್ತೆ ನಾಲ್ಕೈದು ಬೂದು ಬಣ್ಣದ ಭಾರದ ಮಣಿ. ಶಿರಸಿಯಲ್ಲಿ ಬೆಳೆದವರಿಗೆ ಗುರುತು ಸಿಗದೇ ಇದ್ದರೆ ಆಶ್ಚರ್ಯ ಇಲ್ಲ. ಘಟ್ಟದ ಮೇಲೆ ಮೀನು ಹಿಡಿಯುವುದು ಅಂದರೆ ಗಾಳ, ಇಲ್ಲವೇ ಕೂಣಿ ಅನ್ನುವ ಬಿದಿರಿನ ಬುಟ್ಟಿ ಅಲ್ವಾ?

ಸೂಜಿಯ ಕೆಲಸ ಹೀಗೆ. ಆ ನಾಲಿಗೆಗೆ ದಾರ ಸಿಕ್ಕಿಸಿ ಕೆಳಗೆ ತರಬೇಕು, ಕಚ್ಚಿನಲ್ಲಿ ಕೂರಿಸಬೇಕು, ಸೂಜಿಯನ್ನು ಮಗುಚಬೇಕು. ಆ ಬದಿಯಿಂದ ಮೇಲೆ ಹೋಗಿ ಮತ್ತೆ ನಾಲಿಗೆ ಸುತ್ತಿ ಕೆಳಗೆ. ಹೀಗೆ ಮಗುಚಿ ಮಗುಚಿ ತುಂಬಿದರೆ ಹತ್ತಾರು ಮಾರು ದಾರ ಆ ಗೇಣುದ್ದದ ಕಡ್ಡಿಯಲ್ಲಿ ಅಡಗುತ್ತದೆ, ಎಲ್ಲೂ ಸಿಕ್ಕಾಗುವುದಿಲ್ಲ. ನಾಲಿಗೆಯ ಬುಡವನ್ನು ಬೆಳಕಿಗೆ ಹಿಡಿದು ನೋಡಿ. ದಾರ ಓಡಿ ಓಡಿ ಅಲ್ಲಿ ಕೂದಲೆಳೆಯಷ್ಟು ಸಣ್ಣ ಗೀರು ಬಿದ್ದಿದ್ದರೆ ಅಜ್ಜ ಅದರಲ್ಲಿ ವರ್ಷಗಟ್ಟಲೆ ಹೆಣೆದಿದ್ದಾರೆ ಅಂತ ಲೆಕ್ಕ.

ಆದರೆ ಎಲ್ಲರೂ ಸೂಜಿಯನ್ನೇ ನೋಡುತ್ತಾರೆ. ನನ್ನ ಕೇಳಿದರೆ ಆ ಡಬ್ಬಿಯಲ್ಲಿ ಮಾತಾಡುವ ವಸ್ತು ಪಟ್ಟಿ.

ಪಟ್ಟಿ ಅಂದರೆ ಬಲೆಯ ಕಣ್ಣಿನ ಅಳತೆ. ಮೇಲಿನ ಸಾಲಿನ ಕಣ್ಣಿಗೆ ಈ ಪಟ್ಟಿಯನ್ನು ಒತ್ತಿ ಹಿಡಿದು, ಅದರ ಸುತ್ತ ದಾರ ತಂದು ಗಂಟು ಹಾಕುತ್ತಾರೆ. ಹಾಗಾಗಿ ಒಂದೊಂದು ಕಣ್ಣೂ ಒಂದೇ ಅಳತೆ. ಪಟ್ಟಿ ಒಂದು ಇಂಚು ಅಗಲ ಇದ್ದರೆ ಗಂಟಿನಿಂದ ಗಂಟಿಗೆ ಒಂದು ಇಂಚು, ಕಣ್ಣನ್ನು ಪೂರ್ತಿ ಎಳೆದು ಹಿಡಿದರೆ ಎರಡು ಇಂಚು, ಅಂದರೆ ಸುಮಾರು 50 ಮಿಲಿಮೀಟರ್. ಇದು ಬಂಗಡೆ ಬಲೆಯ ಕಣ್ಣು. ಈ ಬಲೆ ನೀರಿನಲ್ಲಿ ಗೋಡೆಯ ಹಾಗೆ ನಿಲ್ಲುತ್ತದೆ. ಮೇಲೆ ಬೆಂಡು, ಕೆಳಗೆ ಭಾರ. ಬಂದ ಮೀನಿನ ತಲೆ ಕಣ್ಣಿನೊಳಗೆ ತೂರಬೇಕು, ಹೊಟ್ಟೆ ತೂರಬಾರದು. ಹಿಂದೆ ಸರಿದರೆ ಕಿವಿರು ಸಿಕ್ಕಿಕೊಳ್ಳುತ್ತದೆ. ಅದೇ ಬಲೆಯಲ್ಲಿ ತಾರ್ಲೆಯಂಥ ಸಣ್ಣ ಮೀನು ಸಲೀಸಾಗಿ ನುಣುಚಿಕೊಳ್ಳುತ್ತದೆ, ಇಸ್ವಾಣದಂಥ ದೊಡ್ಡ ಮೀನಿನ ತಲೆಯೇ ಒಳಗೆ ಹೋಗುವುದಿಲ್ಲ. ಮೀನಿಗೆ ತಕ್ಕ ಕಣ್ಣು, ಕಣ್ಣಿಗೆ ತಕ್ಕ ಪಟ್ಟಿ.

ಈ ಕೆಲಸದ ರುಚಿ ನನಗೂ ಸ್ವಲ್ಪ ಗೊತ್ತು. ಚಿಕ್ಕವನಿದ್ದಾಗ ಮಳೆಗಾಲದ ರಜೆಯಲ್ಲಿ ಅಂಕೋಲಾ ಕಡೆ ದೊಡ್ಡಪ್ಪನ ಮನೆಯಲ್ಲಿ ಇರುತ್ತಿದ್ದೆ. ಕಡಲು ಕೆರಳಿ ದೋಣಿ ಮೇಲೆ ಎಳೆದಿಟ್ಟ ದಿನಗಳು, ಬಲೆ ರಿಪೇರಿಗೆ ಅದೇ ಹೊತ್ತು. ದೊಡ್ಡಪ್ಪ ಜಗಲಿಯ ಕಿಟಕಿ ಸರಳಿಗೆ ಬಲೆ ಕಟ್ಟಿ, ಕಾಲು ಚಾಚಿ ಕೂತು, ನಮ್ಮ ಜೊತೆ ಹರಟುತ್ತಲೇ ಹೆಣೆಯುತ್ತಿದ್ದ. ಕೈ ನೋಡುತ್ತಲೇ ಇರಲಿಲ್ಲ. ಸೂಜಿ ಕೆಳಗಿನಿಂದ ಕಣ್ಣಿಗೆ ತೂರುತ್ತಿತ್ತು, ದಾರ ಎಳೆದರೆ ಕಣ್ಣು ಪಟ್ಟಿಯ ಅಂಚಿಗೆ ಬಂದು ಕೂರುತ್ತಿತ್ತು, ಹೆಬ್ಬೆರಳು ಅದನ್ನು ಒತ್ತುತ್ತಿತ್ತು. ದಾರವನ್ನು ಎಡಕ್ಕೆ ಒಂದು ಸುತ್ತು ಎಸೆದು, ಸೂಜಿ ಕಣ್ಣಿನ ಹಿಂದಿನಿಂದ ಬಂದು ಆ ಸುತ್ತಿನೊಳಗೆ ನುಗ್ಗುತ್ತಿತ್ತು. ಟಕ್ ಅಂತ ಗಂಟು. ನಾನೂ ಹಠ ಮಾಡಿ ಒಂದು ಮಧ್ಯಾಹ್ನ ಎರಡು ಸಾಲು ಹೆಣೆದೆ. ನೋಡಲು ಚೆನ್ನಾಗಿಯೇ ಇತ್ತು. ದೊಡ್ಡಪ್ಪ ಎರಡು ಕಣ್ಣು ಹಿಡಿದು ಅಡ್ಡ ಎಳೆದ, ಗಂಟು ಜಾರಿಕೊಂಡು ಅರ್ಧ ಇಂಚು ಆಚೆ ಹೋಯಿತು. ಹೆಬ್ಬೆರಳು ಸಡಿಲ ಬಿಟ್ಟರೆ ಗಂಟು ಕಣ್ಣನ್ನು ಕಚ್ಚದೆ ಅದರ ಕೆಳಗೆ ಕೂರುತ್ತದೆ, ಅದೇ ಆಗಿತ್ತು. "ಬಂಗಡೆ ನಿನ್ನ ಗಂಟು ನೋಡಿ ನಗ್ತದೆ ಮಾರಾಯ" ಅಂದವನೇ ಬ್ಲೇಡಿನಿಂದ ಎರಡೂ ಸಾಲು ಕೊಯ್ದು ಹಾಕಿದ. ಆ ಸಿಟ್ಟು ನನಗೆ ಈಗಲೂ ಪೂರ್ತಿ ಹೋಗಿಲ್ಲ.

ಕಾಲ ಯಾವುದು ಅಂತಲೂ ಕೇಳಿದ್ದೀರಿ. ಸೂಜಿಯಲ್ಲಿ ಹಳೆ ದಾರದ ತುಂಡು ಉಳಿದಿದೆ ಅಂದಿರಲ್ಲ, ಅದರಿಂದ ಒಂದು ಎಳೆ ಮಾತ್ರ ಕಿತ್ತು, ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಹತ್ತಿ ಅಥವಾ ಸೆಣಬು. ಕರಗಿ ಗಟ್ಟಿ ಗುಂಡಾದರೆ ನೈಲಾನು. ಹತ್ತಿ ದಾರವಾದರೆ, ಅದರಲ್ಲೂ ಕಂದು ಬಣ್ಣ ಹಿಡಿದಿದ್ದರೆ, ನೈಲಾನು ಮನೆಮನೆಗೆ ಬರುವ ಮೊದಲಿನದು ಇರಬಹುದು. ಆಗ ಬಲೆ ಬೇಗ ಕೊಳೆಯಬಾರದು ಅಂತ ಮರದ ತೊಗಟೆ ಕುದಿಸಿದ ನೀರಿನಲ್ಲಿ ಅದ್ದಿ ಒಣಗಿಸುತ್ತಿದ್ದರು. ನೈಲಾನು, ಮಿಲ್ಲಿನ ಬಲೆ ಬಂದ ಮೇಲೆ ಹೊಸ ಬಲೆಯನ್ನು ಕೈಯಲ್ಲಿ ಹೆಣೆಯುವುದು ಕಡಿಮೆಯಾಯಿತು. 1970ರ ದಶಕದ ಕೊನೆಯಲ್ಲಿ ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿಯುವ ಪರ್ಸೀನ್ ಬೋಟುಗಳು ಹೆಚ್ಚಾಗಿ, ಊರೇ ಸೇರಿ ದಡಕ್ಕೆ ಎಳೆಯುತ್ತಿದ್ದ ರಂಪಣಿ ಬಲೆಯೂ ಮೂಲೆ ಸೇರಿತು. ಸೂಜಿ ಮಾತ್ರ ಸತ್ತಿಲ್ಲ. ಕಾರವಾರದ ಬೈತಖೋಲ ಬಂದರಿಗೋ ಕುಮಟಾ ಕಡೆಯ ತದಡಿ ಬಂದರಿಗೋ ಹೋಗಿ ನೋಡಿ, ಹರಿದ ಬಲೆ ಹೊಲಿಯುತ್ತಾ ಕೂತವರ ಕೈಯಲ್ಲಿ ಇದೇ ಆಕಾರದ ಪ್ಲಾಸ್ಟಿಕ್ ಸೂಜಿ ಇರುತ್ತದೆ. ನಿಮ್ಮದನ್ನು ಒಯ್ದು ತೋರಿಸಿ, ಅಂಥವರು ನನಗಿಂತ ಜಾಸ್ತಿ ಹೇಳುತ್ತಾರೆ.

ಆ ಬೂದು ಮಣಿಗಳು ಬಲೆಯ ಕೆಳ ಹಗ್ಗಕ್ಕೆ ಕಟ್ಟುವ ಭಾರ. ಉಗುರಿನಿಂದ ಗೀಚಿದರೆ ಹೊಳೆಯುವ ಗೆರೆ ಬಿತ್ತೇ? ಹಾಗಾದರೆ ಸೀಸ. ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳಿ, ಮಕ್ಕಳ ಕೈಗೆ ಕೊಡಬೇಡಿ. ಬಿದಿರಿಗೆ ಮಾತ್ರ ದಯವಿಟ್ಟು ವಾರ್ನಿಶ್ ಬಳಿಯಬೇಡಿ, ಮರಳು ಕಾಗದ ತಿಕ್ಕಬೇಡಿ. ಆ ಗೀರು, ಬೆವರಿನ ಕಪ್ಪು ಎಲ್ಲಾ ಹೋಗಿಬಿಡುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಈಗ ಇನ್ನೊಂದು ಪಟ್ಟಿಯನ್ನು ಅಳೆದು ಹಾಕಿ. ನೀವು ಹಾಕಿದ ಫೋಟೋದಲ್ಲಿ ಅದರ ಅರ್ಧ ಡಬ್ಬಿಯ ಕೆಳಗೆ ಹೋಗಿದೆ. ಎರಡೂವರೆ ಇಂಚಿನ ಮೇಲೆ ಇದ್ದರೆ ನಿಮ್ಮ ಅಜ್ಜ ಇಸ್ವಾಣದ ಹಿಂದೆಯೂ ಬಿದ್ದಿದ್ದರು ಅಂತ ಕಾಣುತ್ತದೆ.