ಓದುಗರ ಪ್ರಶ್ನೆ: ಯೆಹೂದ್ಯರಿಗೂ ದೃಷ್ಟಿ ತಾಗುತ್ತದೆಯೇ?

ಪ್ರಶ್ನೆ: ನಮ್ಮ ಟೊಮೆಟೊ ತೋಟ ರಸ್ತೆಗೆ ಅಂಟಿಕೊಂಡಿದೆ. ಕಾಯಿ ಕಟ್ಟುತ್ತಿದ್ದಂತೆ ಬೆದರುಬೊಂಬೆ ನಿಲ್ಲಿಸಿ ಹಳೇ ಚಪ್ಪಲಿ ಕಟ್ಟುತ್ತೇವೆ. ಯೆಹೂದ್ಯರಲ್ಲೂ ಬೆಳೆಗೆ ಕಣ್ಣು ಬೀಳುವುದುಂಟೇ?
– ಓದುಗರೊಬ್ಬರು, ಮುಳಬಾಗಿಲು

ಉತ್ತರ: ಉಂಟು. ಹೀಬ್ರೂವಿನಲ್ಲಿ ಅದಕ್ಕೆ 'ಐನ್ ಹಾರಾ' ಎನ್ನುತ್ತಾರೆ. ಆದರೆ ಅವರ ಕಟ್ಟುಪಾಡು ಬೆಳೆದವನಿಗಿಂತ ನೋಡುವವನನ್ನೇ ಹಿಡಿದು ನಿಲ್ಲಿಸುತ್ತದೆ. ತೆನೆ ತುಂಬಿ ನಿಂತ ಕಾಲದಲ್ಲಿ ಪಕ್ಕದವನ ಹೊಲದ ಹತ್ತಿರ ನಿಂತು ನೋಡಬಾರದು ಎಂದು ಅವರ ಧರ್ಮಚರ್ಚೆಯ ಹಳೆಯ ಗ್ರಂಥವಾದ ತಾಲ್ಮುದ್‌ನ 'ಬಾವಾ ಬಾತ್ರಾ' ಭಾಗದಲ್ಲಿ ರಾವ್ ಎಂಬ ಗುರು ಹೇಳಿದ್ದಾನೆ. ಬೆಳೆದವನ ಪಾಲಿಗೆ ಬರುವುದು ತೂಕದ ನಿಯಮ. ರಾಶಿಯನ್ನು ಅಳೆಯಲು ಹೊರಟಾಗ 'ನಮ್ಮ ಕೈಕೆಲಸಕ್ಕೆ ದೇವರ ಆಶೀರ್ವಾದವಿರಲಿ' ಎಂದು ಬೇಡಬೇಕು. ಅಳೆಯಲು ಶುರುಮಾಡಿದ ಮೇಲೆ 'ಈ ರಾಶಿಗೆ ಆಶೀರ್ವಾದ ಕಳಿಸುವವನಿಗೆ ಸ್ತುತಿ' ಎನ್ನಬೇಕು. ಅಳೆದು ಮುಗಿಸಿ ಆಮೇಲೆ ಬೇಡಿದರೆ ಅದು ವ್ಯರ್ಥ ಪ್ರಾರ್ಥನೆ. ಕಾರಣವನ್ನೂ ಕೊಟ್ಟಿದ್ದಾರೆ: ತೂಗಿದ್ದು, ಅಳೆದದ್ದು, ಎಣಿಸಿದ್ದರ ಮೇಲೆ ಆಶೀರ್ವಾದ ನೆಲೆಸದು, ಕಣ್ಣಿಗೆ ಮರೆಯಾಗಿರುವುದರ ಮೇಲೆ ನೆಲೆಸುತ್ತದೆ. ಅಂದರೆ ಕ್ರೇಟುಗಳು ಮಂಡಿಯ ತಕ್ಕಡಿ ಏರುವ ಮುಂಚೆಯೇ ಕೈ ಮುಗಿಯಬೇಕು, ಚೀಟಿ ಬರೆದಾದ ಮೇಲಲ್ಲ. ಕಣದಲ್ಲಿ ಮೊದಲ ಕೊಳಗಕ್ಕೆ 'ಒಂದು' ಎನ್ನದೆ 'ಲಾಭ' ಎಂದು ಎಣಿಸಿದ ನಮ್ಮ ಹಿರಿಯರಿಗೆ ಇದು ಹೊಸದೆನಿಸುತ್ತಿರಲಿಲ್ಲ.

ಜನರನ್ನು ಎಣಿಸುವಾಗಲೂ ಇದೇ ಅಂಜಿಕೆ. ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ಬೇಕು. ತಲೆ ಎಣಿಸುವ ಬದಲು, ಹೀಬ್ರೂವಿನಲ್ಲಿ ಸರಿಯಾಗಿ ಹತ್ತು ಪದಗಳಿರುವ ಬೈಬಲಿನ ಕೀರ್ತನೆಗಳ ಒಂದು ಸಾಲನ್ನು (28:9) ತಲೆಗೊಂದು ಪದದಂತೆ ಹೇಳುತ್ತಾ ಹೋಗುತ್ತಾರೆ.

ಪ್ರಶ್ನೆ: ಹೊಸ ಮನೆ ಬಾಗಿಲಿಗೆ ನಾವು ಬೂದುಗುಂಬಳ ಕಟ್ಟುತ್ತೇವೆ. ಅವರು ಕಟ್ಟುವ ಮೆಝೂಝಾ ಕೂಡ ದೃಷ್ಟಿಗೇನಾ?
– ಓದುಗರೊಬ್ಬರು, ತಿಪಟೂರು

ಉತ್ತರ: ಅಲ್ಲ, ಅದು ಧರ್ಮಗ್ರಂಥದ ವಿಧಿ. ಚರ್ಮಪತ್ರದ ಮೇಲೆ ಕೈಯಿಂದಲೇ 22 ಸಾಲು ಬರೆದ ಬೈಬಲಿನ ಐದನೇ ಪುಸ್ತಕವಾದ ಧರ್ಮೋಪದೇಶಕಾಂಡದ ಎರಡು ಭಾಗಗಳು (6:4–9 ಮತ್ತು 11:13–21) ಅದರಲ್ಲಿರುತ್ತವೆ. ಸುರುಳಿ ಸುತ್ತಿ ಡಬ್ಬಿಯಲ್ಲಿಟ್ಟು, ಒಳಹೋಗುವಾಗ ಬಲಕ್ಕೆ ಸಿಗುವ ಬಾಗಿಲುಕಂಬದ ಮೇಲಿನ ಮೂರನೇ ಒಂದು ಪಾಲು ಶುರುವಾಗುವಲ್ಲಿ, ಆಶೀರ್ವಚನ ಹೇಳಿ ಜಡಿಯುತ್ತಾರೆ. ಕೆಡುವುದು ಒಳಗಿನ ಹಾಳೆ: ಅಚ್ಚು ಹಾಕಿದ ಕಾಗದವಾದರೆ ಸಲ್ಲದು, ಒಂದು ಅಕ್ಷರ ಬಿರಿದರೂ ಸಲ್ಲದು. ಹಾಗಾಗಿ ಏಳು ವರ್ಷದಲ್ಲಿ ಎರಡು ಸಲ ಬಿಚ್ಚಿ ನೋಡಬೇಕು. ಡಬ್ಬಿ ಬೆಳ್ಳಿಯದೋ ಪ್ಲಾಸ್ಟಿಕ್ಕಿನದೋ ಎಂಬುದು ಲೆಕ್ಕಕ್ಕಿಲ್ಲ. ಸುರುಳಿಯ ಒಳಗೆ ದೇವದೂತರ ಹೆಸರು ಬರೆದು ಅದನ್ನು ತಾಯಿತ ಮಾಡಿಕೊಂಡವರನ್ನು 12ನೇ ಶತಮಾನದ ಯೆಹೂದಿ ಪಂಡಿತ ಮೈಮೋನಿದೀಸ್ ಕಟುವಾಗಿ ಬೈದಿದ್ದಾನೆ.

ಅವರ ಮನೆಗಳಲ್ಲಿ ಬಾಗಿಲೆದುರಿನ ಗೋಡೆಯಲ್ಲಿ ಮೊಳ ಅಗಲ, ಮೊಳ ಎತ್ತರದಷ್ಟು ಜಾಗಕ್ಕೆ ಗಾರೆ ಬಳಿಯದೆ ಬಿಟ್ಟಿರುವುದೂ ಉಂಟು. ನೋಡಿದವರು ದೃಷ್ಟಿಬೊಟ್ಟು ಎಂದುಕೊಳ್ಳುತ್ತಾರೆ. ಅದು ಜೆರುಸಲೇಮಿನಲ್ಲಿ ನಾಶವಾದ ದೇವಾಲಯದ ನೆನಪಿಗೆ.

ಪ್ರಶ್ನೆ: ಕೈಗೆ ಕೆಂಪು ದಾರ?
– ಓದುಗರೊಬ್ಬರು, ಕುಣಿಗಲ್

ಉತ್ತರ: ಯೆಹೂದ್ಯರ ಮೂಲಮಾತೆಯರಲ್ಲಿ ಒಬ್ಬಳಾದ ರಾಹೇಲಳ ಬೆತ್ಲೆಹೇಮಿನ ಸಮಾಧಿಯಲ್ಲಿ ಸುತ್ತಿ ತಂದ ದಾರವೆಂದು ಕಟ್ಟಿಕೊಳ್ಳುವವರು ಬಹಳ. ಆದರೆ ಬೆರಳಿಗೆ ಕೆಂಪು ದಾರ ಕಟ್ಟುವುದನ್ನು ಹಳೆಯ 'ತೋಸೆಫ್ತಾ' ಗ್ರಂಥ ಅನ್ಯಜನರ ಮೂಢಾಚಾರಗಳ ಪಟ್ಟಿಗೆ ಸೇರಿಸಿದೆ. ನಮಗೆ ಕೇಳಿದರೆ ಗ್ರಂಥದ ಮಾತೇ ಗಟ್ಟಿ.

ಪ್ರಶ್ನೆ: ಈ ಸಲ ದ್ರಾಕ್ಷಿ ಚೆನ್ನಾಗಿ ಬಂತು. ಹೊಗಳಿದರೆ 'ಎಲ್ಲ ದೇವರದ್ದು' ಎನ್ನುತ್ತೇವೆ. ಯೆಹೂದ್ಯರು 'ಬಾರುಖ್ ಹಶೆಮ್' (ದೇವರಿಗೆ ಸ್ತುತಿ) ಎನ್ನುತ್ತಾರಂತೆ. ಹಾಗಾದರೆ ದುಡಿದವನ ಬೆವರಿಗೆ ಬೆಲೆಯಿಲ್ಲವೇ?
– ಓದುಗರೊಬ್ಬರು, ಚಿಕ್ಕಬಳ್ಳಾಪುರ

ಉತ್ತರ: ಮೂಲವಾಕ್ಯ ಧರ್ಮೋಪದೇಶಕಾಂಡ 8:17–18ರಲ್ಲಿದೆ. 'ನನ್ನ ಬಲ, ನನ್ನ ಕೈಯ ಶಕ್ತಿಯೇ ಈ ಐಶ್ವರ್ಯ ತಂದಿತು' ಎಂದುಕೊಳ್ಳಬೇಡ, ಸಂಪಾದಿಸುವ ಶಕ್ತಿಯನ್ನು ಕೊಟ್ಟವನು ದೇವರೆಂದು ನೆನೆ ಎನ್ನುತ್ತದೆ. ನೀನು ದುಡಿಯಲೇ ಇಲ್ಲ ಎಂದು ಎಲ್ಲೂ ಹೇಳಿಲ್ಲ.

ಬಾಯಿಮಾತಿಗೇ ಅದು ನಿಲ್ಲುವುದೂ ಇಲ್ಲ. ಜೆರುಸಲೇಮಿನಲ್ಲಿ ದೇವಾಲಯವಿದ್ದ ಕಾಲದಲ್ಲಿ, ಅಂದರೆ ಕ್ರಿ.ಶ. 70ರವರೆಗೆ, ರೈತ ತೋಟಕ್ಕಿಳಿದು ಮೊದಲು ಮಾಗಿದ ಗೊಂಚಲಿಗೆ ಜೊಂಡು ಕಟ್ಟಿ 'ಇದು ಪ್ರಥಮಫಲ' ಎನ್ನುತ್ತಿದ್ದ. ಗೋಧಿ, ಬಾರ್ಲಿ, ದ್ರಾಕ್ಷಿ, ಅಂಜೂರ, ದಾಳಿಂಬೆ, ಆಲಿವ್, ಖರ್ಜೂರ ಈ ಏಳಕ್ಕೆ ಮಾತ್ರ ಈ ವಿಧಿ. ಹತ್ತಿರದವರು ಹಸಿ ಹಣ್ಣು ಒಯ್ಯುತ್ತಿದ್ದರು, ದಾರಿಯಲ್ಲಿ ಕೊಳೆಯುತ್ತದೆಂದು ದೂರದವರು ಒಣದ್ರಾಕ್ಷಿ. ಬುಟ್ಟಿಯ ಮುಂದೆ ನಿಂತು ಪೂರ್ವಜರ ದಾಸ್ಯದ ಕಥೆ ಹೇಳಬೇಕಿತ್ತು. ಮೊದಮೊದಲು ಬಾಯಿಪಾಠ ಬಲ್ಲವರು ತಾವೇ ಹೇಳುತ್ತಿದ್ದರು, ಬಾರದವರಿಗೆ ಹೇಳಿಕೊಡುತ್ತಿದ್ದರು. ನಾಚಿಕೆಗೆ ಬಾರದವರು ಬರುವುದನ್ನೇ ಬಿಟ್ಟರು. ಆಗ ಬಲ್ಲವರಿಗೂ ಬಾರದವರಿಗೂ ಹೇಳಿಕೊಡುವ ನಿಯಮ ಮಾಡಿದರು.

ಈಗ ಉಳಿದಿರುವುದು ಆದಾಯದ ದಶಮಾಂಶ. ಮೂರು ಲಕ್ಷಕ್ಕೆ ದ್ರಾಕ್ಷಿ ಮಾರಿ, ಗೊಬ್ಬರ, ಔಷಧಿ, ಕೂಲಿ, ಸಾಗಣೆಗೆ 1,80,000 ಹೋದರೆ ಉಳಿದದ್ದು 1,20,000, ಬಡವರಿಗೆ 12,000. ಉದಾರಿಗೆ ಐದನೇ ಒಂದು ಪಾಲು, 24,000. ಅದಕ್ಕಿಂತ ಮೇಲೆ ಹೋಗಬೇಡಿ, ಕೊಟ್ಟವನೇ ನಾಳೆ ಕೈಚಾಚುವಂತಾದೀತು ಎಂದು ಊಶಾ ಊರಿನಲ್ಲಿ ಸೇರಿದ ಪಂಡಿತರು ಮಿತಿ ಹಾಕಿದರು. ತೋಟದ ಖರ್ಚನ್ನು ಕಳೆಯಬಹುದು. ಮನೆಖರ್ಚನ್ನು ಅದರಲ್ಲಿ ತೂರಿಸುವಂತಿಲ್ಲ.