ಜಾನಿ ರಮೋನ್ ಆತ್ಮಕಥೆಯಲ್ಲಿ ಕಾಯುವಂಥದ್ದು ಏನಿದೆ?

“ವೇಗದ, ಒರಟು ರಾಕ್ ಸಂಗೀತವಾದ ಪಂಕ್ ನುಡಿಸುತ್ತಿದ್ದ ನ್ಯೂಯಾರ್ಕಿನ ರಮೋನ್ಸ್ ತಂಡದ ಗಿಟಾರ್ ವಾದಕ ಜಾನಿ ರಮೋನ್ ಅವರ ಆತ್ಮಕಥೆ ಮುಂದಿನ ತಿಂಗಳು ಬರುತ್ತದೆಯಂತೆ. ಅವರು ತೀರಿಕೊಂಡು ಏಳು ವರ್ಷ ದಾಟಿತು. ಒರಟು ಮನುಷ್ಯ, ತಂಡದವರ ಜೊತೆಯೇ ಮಾತು ಬಿಟ್ಟಿದ್ದವರು ಎಂದಷ್ಟೇ ಕೇಳಿದ್ದೇನೆ. ಅಂಥವರ ಪುಸ್ತಕಕ್ಕೆ ಕಾಯುವಂಥದ್ದು ಏನಿದೆ?” ಎಂದು 2012ರ ಮಾರ್ಚ್‌ನಲ್ಲಿ ಕೇಳಿದ್ದೀರಿ; ಪುಸ್ತಕ ಬರುವ ಮೊದಲು ಬರೆದ ಉತ್ತರ ಇದು.

ನೀವು ಕೇಳಿರುವ ಎರಡೂ ಸಂಗತಿಗಳು ನಿಜ. ನಾನು ಕಾಯುತ್ತಿರುವುದೂ ಅದೇ ಕಾರಣಕ್ಕೆ. ಜಾನಿಯ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಹೆಚ್ಚಿನದನ್ನು ಹೇಳಿದವರು ಬೇರೆಯವರು. ತಂಡದ ಬಾಸ್ ವಾದಕ ಡೀ ಡೀ ತನ್ನ ಕಥೆಯನ್ನು ಬರೆದುಕೊಂಡ. ಗಾಯಕ ಜೋಯಿಯ ಕಥೆಯನ್ನು ಅವನ ತಮ್ಮ 2009ರಲ್ಲಿ ಪುಸ್ತಕ ಮಾಡಿದ. ಎರಡರಲ್ಲೂ ಜಾನಿ ಕೈಯಲ್ಲಿ ಬೆತ್ತ ಹಿಡಿದ ಮೇಸ್ತ್ರಿಯಂತೆ ಕಾಣುತ್ತಾನೆ. ಅಲ್ಲೊಂದು ಇಲ್ಲೊಂದು ಸಂದರ್ಶನವನ್ನು ಬಿಟ್ಟರೆ ಅವನ ಕಡೆಯ ಮಾತು ಎಲ್ಲೂ ಒಟ್ಟಾಗಿ ಸಿಕ್ಕಿಲ್ಲ. 2012ರ ಏಪ್ರಿಲ್‌ನಲ್ಲಿ ಅಬ್ರಮ್ಸ್ ಪ್ರಕಾಶನದಿಂದ ಬರುವ ‘ಕಮಾಂಡೋ’ದಲ್ಲಿ ಅದು ಮೊದಲ ಸಲ ಸಿಗಲಿದೆ. (ಏಕವಚನಕ್ಕೆ ಕ್ಷಮೆ ಇರಲಿ. ಇಷ್ಟು ವರ್ಷ ಕೇಳಿದ ಮೇಲೆ ನನಗೆ ಅವನು ‘ಅವರು’ ಆಗಿ ಉಳಿದಿಲ್ಲ.)

ನಾನು ಕೆಲಸದ ಮೇಲೆ ನಾಲ್ಕು ವರ್ಷ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದೆ. ಭಾನುವಾರ ಫ್ಲಶಿಂಗ್‌ನ ಗಣಪತಿ ದೇವಸ್ಥಾನಕ್ಕೆ ಹೋಗಿ, ಕೆಳಗಿನ ಕ್ಯಾಂಟೀನಿನಲ್ಲಿ ದೋಸೆ ತಿಂದು ಬರುವುದು ವಾಡಿಕೆ. ಮನೆ ಇದ್ದದ್ದು ಫಾರೆಸ್ಟ್ ಹಿಲ್ಸ್‌ಗೆ ಹತ್ತಿರ. ರಮೋನ್ಸ್ ತಂಡದ ಮೊದಲ ನಾಲ್ವರೂ ಅದೇ ಬಡಾವಣೆಯ ಹುಡುಗರು ಎಂದು ಹೇಳಿದವನು ನನ್ನ ಕೊಠಡಿಯ ಜೊತೆಗಾರ. ಅವನೇ ಆ ರಾತ್ರಿ ಅವರ ಮೊದಲ ಆಲ್ಬಂ ಹಾಕಿದ. ಹದಿನಾಲ್ಕು ಹಾಡು, ಅರ್ಧ ಗಂಟೆಯೂ ಹಿಡಿಯಲಿಲ್ಲ. ಮುಗಿದ ಕೂಡಲೇ ಇನ್ನೊಮ್ಮೆ ಹಾಕು ಎಂದೆ.

ಆ ಹೊತ್ತಿಗೆ ನಾನು ಸ್ವಲ್ಪ ಗಿಟಾರ್ ಕಲಿತಿದ್ದೆ. ಮೂರೇ ಸ್ವರಮೇಳ, ನಡುವೆ ಒಂಟಿ ಗಿಟಾರಿನ ಮೆರವಣಿಗೆ ಇಲ್ಲ; ಇದು ಸುಲಭ ಎಂದುಕೊಂಡು ನುಡಿಸಲು ಕುಳಿತೆ. ಎರಡು ಹಾಡು ಮುಗಿಯುವುದರೊಳಗೆ ಮೊಣಕೈವರೆಗೆ ಉರಿ ಹತ್ತಿತು. ಗಿಟಾರ್ ನುಡಿಸುವವರು ಸಾಮಾನ್ಯವಾಗಿ ತಂತಿಯನ್ನು ಒಮ್ಮೆ ಕೆಳಕ್ಕೆ, ಒಮ್ಮೆ ಮೇಲಕ್ಕೆ ಮೀಟುತ್ತಾರೆ. ಕೈ ಹೇಗೂ ಮೇಲಕ್ಕೆ ಹೋಗಲೇಬೇಕು, ಹೋಗುವಾಗಲೂ ಒಂದು ನಾದ ಹುಟ್ಟಿಸಿದರೆ ಶ್ರಮ ಅರ್ಧ. ಜಾನಿ ಅದನ್ನು ಒಪ್ಪಲಿಲ್ಲ. ಪ್ರತಿಯೊಂದು ಮೀಟೂ ಮೇಲಿನಿಂದ ಕೆಳಕ್ಕೇ. ‘ಬ್ಲಿಟ್ಜ್‌ಕ್ರೀಗ್ ಬಾಪ್’ ಹಾಡಿನ ವೇಗದಲ್ಲಿ ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು ಆರು ಏಟು. ವೇದಿಕೆಯ ಮೇಲೆ ಅದಕ್ಕಿಂತ ಜೋರು, ಅದೂ ಒಂದು ಗಂಟೆ ಬಿಡುವಿಲ್ಲದೆ. ಭತ್ತ ಕುಟ್ಟುವುದನ್ನು ನೋಡಿದವರಿಗೆ ಇದರ ಗುಟ್ಟು ಬೇಗ ಹೊಳೆಯುತ್ತದೆ: ಒನಕೆ ಬೀಳುವಾಗ ಇರುವ ತೂಕ ಏಳುವಾಗ ಇರುವುದಿಲ್ಲ. ಜಾನಿಯ ಸಂಗೀತದಲ್ಲಿ ಏಳುವ ಏಟೇ ಇಲ್ಲ, ಎಲ್ಲವೂ ಬೀಳುವ ಏಟು. ಮುಂದೆ ಎಷ್ಟೋ ಪಂಕ್ ಮತ್ತು ಮೆಟಲ್ ವಾದಕರ ಬಲಗೈ ತಯಾರಾದದ್ದು ಈ ಹಟದಿಂದ.

ಈ ಕೈ ಎಲ್ಲಿಂದ ಬಂತು ಎಂಬುದನ್ನು ಅವನ ಬಾಯಿಂದ ಕೇಳಬೇಕು ಎಂಬುದು ನನ್ನ ಮೊದಲ ಆಸೆ. ಅವನ ನಿಜವಾದ ಹೆಸರು ಜಾನ್ ಕಮಿಂಗ್ಸ್, ಹುಟ್ಟಿದ್ದು 1948ರಲ್ಲಿ. ತಂದೆ ಕಟ್ಟಡ ಕಾರ್ಮಿಕ. ಮಗನೂ ಅದೇ ದಾರಿ ಹಿಡಿದು ಕಟ್ಟಡಗಳಲ್ಲಿ ಪೈಪ್ ಜೋಡಿಸುವ ಕೆಲಸಕ್ಕೆ ಸೇರಿದ. ಅವನು ಕೆಲಸ ಮಾಡುತ್ತಿದ್ದ ಮ್ಯಾನ್‌ಹಟನ್‌ನ ಕಟ್ಟಡದಲ್ಲೇ ಡೀ ಡೀ ಟಪಾಲು ವಿಭಾಗದಲ್ಲಿದ್ದ. ಊಟದ ಬಿಡುವಿನಲ್ಲಿ ಇಬ್ಬರೂ ಸೇರಿ ಸಂಗೀತದ ಮಾತಾಡುತ್ತಿದ್ದರು. 1974ರ ಜನವರಿಯಲ್ಲಿ ಒಂದು ದಿನ ಜೊತೆಯಾಗಿ ಹೋಗಿ ವಾದ್ಯ ಕೊಂಡರು. ಜಾನಿ ಆರಿಸಿದ್ದು ಮಾಸ್‌ರೈಟ್ ಎಂಬ ಗಿಟಾರ್, ಬೆಲೆ ಐವತ್ತು ಡಾಲರ್ ಚಿಲ್ಲರೆ. ಆಗ ಅದನ್ನು ಹೆಚ್ಚಿನವರು ನುಡಿಸುತ್ತಿರಲಿಲ್ಲ, ಅಗ್ಗಕ್ಕೂ ಸಿಕ್ಕಿತು. ಅದೇ ವರ್ಷ ಆಗಸ್ಟ್‌ನಲ್ಲಿ ಬವರಿ ಬೀದಿಯ ಸಿಬಿಜಿಬಿ ಎಂಬ ಪುಟ್ಟ ಕ್ಲಬ್ಬಿನ ವೇದಿಕೆ ಹತ್ತಿದರು. ಮೊದಲ ಆಲ್ಬಂ ಬಂದಾಗ 1976ರ ಏಪ್ರಿಲ್, ಖರ್ಚು 6,400 ಡಾಲರ್. ಜುಲೈ 4ರಂದು ಲಂಡನ್ನಿನ ರೌಂಡ್‌ಹೌಸ್‌ನಲ್ಲಿ ನುಡಿಸಿದರು. ಆ ಬೇಸಿಗೆಯಲ್ಲಿ ಅಲ್ಲಿನ ಹುಡುಗರ ಕಿವಿಗೆ ಬಿದ್ದ ಈ ಸದ್ದಿನಿಂದ ಅಲ್ಲಿನ ಪಂಕ್‌ಗೂ ಹುರುಪು ಬಂತು ಎಂಬುದು ಬ್ರಿಟನ್ನಿನ ಪಂಕ್ ಚರಿತ್ರೆಯನ್ನು ಓದಿದವರಿಗೆಲ್ಲ ಗೊತ್ತು.

ಕಟ್ಟಡ ಕೆಲಸದಿಂದ ಬಂದವನು ಸಂಗೀತವನ್ನೂ ಕೆಲಸದಂತೆಯೇ ಕಂಡ. ಹೊತ್ತಿಗೆ ಸರಿಯಾಗಿ ಬರಬೇಕು, ದುಡ್ಡಿನ ಲೆಕ್ಕ ಇರಬೇಕು, ವೇದಿಕೆಯ ಮೇಲೆ ನಾಲ್ವರೂ ಒಂದೇ ತರಹ ಕಾಣಬೇಕು. ಕುಡಿತ ಮತ್ತು ಮಾದಕ ವಸ್ತುಗಳಲ್ಲಿ ಮುಳುಗೇಳುತ್ತಿದ್ದ ತಂಡವನ್ನು 22 ವರ್ಷ, 2,263 ಕಾರ್ಯಕ್ರಮಗಳವರೆಗೆ ನಡೆಸಿಕೊಂಡು ಹೋದದ್ದು ಈ ಶಿಸ್ತೇ ಎಂದು ನಾನು ನಂಬುತ್ತೇನೆ. ಬಿಸಿ ತಟ್ಟಿದವರಿಗೆ ಅದು ದಬ್ಬಾಳಿಕೆಯಾಗಿ ಕಂಡದ್ದರಲ್ಲೂ ಸುಳ್ಳಿಲ್ಲ. 1983ರಲ್ಲಿ ಬೀದಿ ಜಗಳವೊಂದರಲ್ಲಿ ತಲೆಬುರುಡೆ ಬಿರಿದು ಮೆದುಳಿನ ಶಸ್ತ್ರಚಿಕಿತ್ಸೆಯಾಯಿತು. ಚೇತರಿಸಿಕೊಂಡು ಮತ್ತೆ ನುಡಿಸಿದ. 1996ರ ಆಗಸ್ಟ್ 6ರಂದು ಹಾಲಿವುಡ್‌ನಲ್ಲಿ ಕೊನೆಯ ಕಾರ್ಯಕ್ರಮ ಮುಗಿಯಿತು. ಆಮೇಲೆ ತನ್ನ ಬಿಳಿ ಮಾಸ್‌ರೈಟನ್ನು ಮಾರಿಬಿಟ್ಟ. ಕೆಲಸ ಮುಗಿದ ಮೇಲೆ ಉಪಕರಣ ಮಾರಿದಂತೆ. ಇದನ್ನು ಮೊದಲು ಓದಿದಾಗ ನನಗೆ ತುಂಬ ನೋವಾಗಿತ್ತು. ಈಗ ಅವನ ವಿವರಣೆ ಕೇಳುವ ಕುತೂಹಲ ಇದೆ.

ಇನ್ನು ಮಾತು ಬಿಟ್ಟ ಕಥೆ. ಎಂಬತ್ತರ ದಶಕದ ಆರಂಭದಲ್ಲಿ ಜೋಯಿಯ ಗೆಳತಿಯಾಗಿದ್ದ ಲಿಂಡಾ ಜಾನಿಯ ಕಡೆಗೆ ಬಂದಳು, ಮುಂದೆ ಅವನ ಹೆಂಡತಿಯಾದಳು. ಅಲ್ಲಿಂದ ಇಬ್ಬರ ನಡುವೆ ಮಾತು ನಿಂತಿತು. ರಾಜಕೀಯದಲ್ಲೂ ಅವರದು ಎಣ್ಣೆ ಸೀಗೇಕಾಯಿ. ಜೋಯಿ ಉದಾರವಾದಿ, ಜಾನಿ ಕಟ್ಟಾ ರಿಪಬ್ಲಿಕನ್. (2002ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸ್ವೀಕರಿಸುವಾಗ ಅಧ್ಯಕ್ಷ ಬುಷ್ ಅವರಿಗೆ ದೇವರ ಆಶೀರ್ವಾದ ಕೋರಿದ ಪಂಕ್ ವಾದಕ ಅವನು. ನನ್ನ ರಾಜಕೀಯ ಬೇರೆ. ಆದರೂ ಆ ಸಭೆಯಲ್ಲಿ ಹಾಗೆ ಹೇಳಲು ಎದೆ ಗಟ್ಟಿ ಇರಬೇಕು.) ಒಂದೇ ವ್ಯಾನಿನಲ್ಲಿ ದೇಶ ಸುತ್ತುತ್ತಾ, ರಾತ್ರಿ ಒಂದೇ ವೇದಿಕೆಯಲ್ಲಿ ಹತ್ತು ಅಡಿ ಅಂತರದಲ್ಲಿ ನಿಂತು, ಹದಿನೈದು ವರ್ಷದ ಹತ್ತಿರ ಮಾತಿಲ್ಲದೆ ಕಳೆದರು. ನಮ್ಮಲ್ಲಿ ಆಸ್ತಿ ಪಾಲಾದ ಅಣ್ಣತಮ್ಮಂದಿರು ಒಂದೇ ಗೋಡೆಯ ಎರಡು ಬದಿಯಲ್ಲಿ ಬದುಕುವುದನ್ನು ಕಂಡವನು ನಾನು. ಇಲ್ಲಿ ಗೋಡೆಯೂ ಇರಲಿಲ್ಲ.

2001ರ ಏಪ್ರಿಲ್ 15ರಂದು ಜೋಯಿ ಕ್ಯಾನ್ಸರ್‌ನಿಂದ ತೀರಿಕೊಂಡ. ಆಗ ನಾನು ಕ್ವೀನ್ಸ್‌ನಲ್ಲೇ ಇದ್ದೆ. ಮರುದಿನ ಸಂಜೆ ಕಚೇರಿಯಿಂದ ನೇರವಾಗಿ ಸಿಬಿಜಿಬಿ ಬಾಗಿಲಿಗೆ ಹೋದೆ. ಹೂವು, ಮೇಣದಬತ್ತಿ, ಕೈಬರಹದ ಚೀಟಿಗಳು ರಾಶಿಯಾಗಿದ್ದವು. ನನ್ನ ಪಕ್ಕದಲ್ಲಿ ನಿಂತಿದ್ದ ನಡುವಯಸ್ಸಿನ ಹೆಂಗಸು ಯಾರನ್ನೂ ಉದ್ದೇಶಿಸದೆ, “ಅವನು ಫೋನ್ ಮಾಡಿದ್ದನೋ ಇಲ್ಲವೋ” ಎಂದಳು. ಅವನು ಎಂದರೆ ಯಾರೆಂದು ಅಲ್ಲಿದ್ದ ಎಲ್ಲರಿಗೂ ಅರ್ಥವಾಯಿತು. ಜಾನಿ ಫೋನ್ ಮಾಡಿರಲಿಲ್ಲ. ಆಮೇಲೆ ಬಂದ ಸಾಕ್ಷ್ಯಚಿತ್ರವೊಂದರಲ್ಲಿ ಅವನನ್ನು ಇದರ ಬಗ್ಗೆಯೇ ಕೇಳುತ್ತಾರೆ. ಜೋಯಿ ಹೋದ ಮೇಲೆ ಮನಸ್ಸು ಕುಗ್ಗಿತ್ತು ಎಂದು ಒಪ್ಪಿಕೊಳ್ಳುತ್ತಾನೆ, ಅದು ಏಕೆಂದು ಹೇಳಲು ತಡಕಾಡುತ್ತಾನೆ. ಕೆಲವೇ ನಿಮಿಷದ ಆ ತುಣುಕನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮುಂದೆ ಅವನಿಗೂ ಕ್ಯಾನ್ಸರ್ ಆಯಿತು. 2004ರ ಸೆಪ್ಟೆಂಬರ್‌ನಲ್ಲಿ 55ನೆಯ ವಯಸ್ಸಿನಲ್ಲಿ ಹೋದ. ಸಾವು ಎದುರಿಗೆ ಬಂದಾಗ ಆ ತಡಕಾಟಕ್ಕೆ ಅವನಿಗೆ ಮಾತು ಸಿಕ್ಕಿತೇ? ಪುಸ್ತಕದಿಂದ ನನಗೆ ಬೇಕಾಗಿರುವುದು ಬಹುಮಟ್ಟಿಗೆ ಇಷ್ಟೇ.

ಒಂದು ಅಳುಕೂ ಇದೆ. ಬರೆದವನು ಇಲ್ಲದ ಪುಸ್ತಕ ಇದು, ಹತ್ತಿರದವರು ಕಟ್ಟಿಕೊಟ್ಟದ್ದು. ಲಿಂಡಾಳ ವಿಷಯದಲ್ಲಿ ಅದು ಮೆತ್ತಗಾಗಿರಬಹುದು. ಆದರೆ ಮುನ್ನುಡಿ ಬರೆದವನು ಟಾಮಿ ಎಂದು ತಿಳಿದಾಗ ಧೈರ್ಯ ಬಂತು. ತಂಡದ ಮೊದಲ ಡ್ರಮ್ ವಾದಕ, ಆ ನಾಲ್ವರಲ್ಲಿ 2012ರ ಹೊತ್ತಿಗೆ ಉಳಿದಿದ್ದ ಒಬ್ಬನೇ ಒಬ್ಬ. ಜಾನಿಯ ಒಳ್ಳೆಯದು ಕೆಟ್ಟದ್ದು ಎರಡನ್ನೂ ಹದಿಹರೆಯದಿಂದ ಕಂಡವನು. ತಂಡದ ಆಲ್ಬಂಗಳಿಗೆ ಜಾನಿ ತಾನೇ ದರ್ಜೆ ಕೊಟ್ಟಿರುವ ಭಾಗವೂ ಇದೆಯಂತೆ. ಅವನು ಯಾರಿಗೂ, ತನಗೂ, ಪುಕ್ಕಟೆ ಅಂಕ ಕೊಡುವವನಲ್ಲ.

ನೀವು ರಮೋನ್ಸ್ ಹಾಡುಗಳನ್ನು ಅಷ್ಟಾಗಿ ಕೇಳಿಲ್ಲ ಎಂದಾದರೆ ಪುಸ್ತಕ ಬರುವವರೆಗೆ ಒಂದು ಕೆಲಸ ಮಾಡಿ. 1977ರ ಡಿಸೆಂಬರ್ 31ರ ರಾತ್ರಿ ಲಂಡನ್ನಿನ ರೇನ್‌ಬೋ ಥಿಯೇಟರ್‌ನಲ್ಲಿ ಮುದ್ರಿಸಿದ ‘ಇಟ್ಸ್ ಅಲೈವ್’ ಕೇಳಿ. ಒಂದು ಗಂಟೆಯೊಳಗೆ 28 ಹಾಡು. ಹಾಡುಗಾರಿಕೆಯನ್ನು ಸ್ವಲ್ಪ ಬದಿಗಿಟ್ಟು ಬಲಗೈಯನ್ನು ಮಾತ್ರ ಹಿಂಬಾಲಿಸಿ. ಇಪ್ಪತ್ತೆಂಟನೆಯ ಹಾಡಿನಲ್ಲೂ ಏಟಿನ ತೂಕ ಇಳಿದಿರುವುದಿಲ್ಲ.

ನಾನು ಪ್ರತಿಯನ್ನು ಕಾಯ್ದಿರಿಸಿದ್ದೇನೆ. ಕೈಗೆ ಬಂದ ದಿನ ಮೊದಲ ಪುಟದಿಂದ ಓದುವ ತಾಳ್ಮೆ ಇರಲಾರದು. 2001ರ ಏಪ್ರಿಲ್ ಎಲ್ಲಿದೆ ಎಂದು ಹುಡುಕುತ್ತೇನೆ. ಅಲ್ಲಿ ಏನಿತ್ತೆಂದು ಈ ಉತ್ತರದ ಕೆಳಗೇ ಬರೆಯುತ್ತೇನೆ.